ತಾಳೆ ಆಯ್ತು, ಆದರೆ ಲೆಕ್ಕ ಸರಿನಾ?

ಇವತ್ತಿನ ಸಂಚಿಕೆ ಒಂದೇ ಒಂದು ಪದದಿಂದ ಶುರುವಾಗುತ್ತೆ. ಆ ಪದ ‘ರಿಲಯಬಲ್’.

ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿಗೆ ಒಂದು ಕಂಪನಿ ಕ್ಯಾಂಪಸ್ ಸೆಲೆಕ್ಷನ್‌ಗೆ ಬಂದಿತ್ತು. ಹೆಸರು ಬೇಡ. ಮೊದಲನೇ ಸುತ್ತಿನಲ್ಲೇ ಸೈಕೋಮೆಟ್ರಿಕ್ ಟೆಸ್ಟ್. ಪೂರ್ತಿ ಇಂಗ್ಲಿಷ್‌ನಲ್ಲಿ, ಗಡಿಯಾರ ಓಡ್ತಾ ಇರುತ್ತೆ. ಅದರಲ್ಲೊಂದು ಲೆಕ್ಕ ಗಾಲ್ಫ್ ಆಟದ್ದು. ‘ಪಾರ್’ ಅಂತೆ, ‘ಬರ್ಡಿ’ ಅಂತೆ. ರಾಣೆಬೆನ್ನೂರಿನಲ್ಲಿ ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಲೆಕ್ಕ ಬರ್ತಿರಲಿಲ್ಲ ಅಂತಲ್ಲ. ಏನನ್ನ ಕೂಡಬೇಕು, ಏನನ್ನ ಕಳೀಬೇಕು ಅನ್ನೋದೇ ತಿಳೀಲಿಲ್ಲ. ಲಿಸ್ಟ್‌ನಲ್ಲಿ ನನ್ನ ಹೆಸರು ಬರಲಿಲ್ಲ.

ಆರು ತಿಂಗಳಾದ ಮೇಲೆ ಅದೇ ಕಂಪನಿ ಇನ್ನೊಂದು ಕಾಲೇಜಿಗೆ ಬಂತು. ಹಠ ಮಾಡಿ ಹೋಗಿ ಮತ್ತೆ ಬರೆದೆ. ಹೆಚ್ಚು ಕಮ್ಮಿ ಅದೇ ಸ್ಕೋರ್. ಅಲ್ಲಿದ್ದವರನ್ನ ಕೇಳಿಯೇಬಿಟ್ಟೆ: “ಸರ್, ಈ ಟೆಸ್ಟ್ ಸರಿಯಾಗಿದೆಯಾ?” ಅವರು ಬೇಜಾರೇನೂ ಮಾಡ್ಕೊಳ್ಳಲಿಲ್ಲ. “ನೋಡಮ್ಮಾ, ನಮ್ಮ ಟೆಸ್ಟ್ ತುಂಬಾ ರಿಲಯಬಲ್. ನೀನೇ ಎರಡು ಸಲ ಬರೆದಿದ್ದೀಯ, ಎರಡು ಸಲವೂ ಅದೇ ಸ್ಕೋರ್ ಬಂದಿದೆಯಲ್ಲ?” ಅಂದರು.

ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿನ ಸಂಚಿಕೆ ಆ ಉತ್ತರ. ಸ್ವಲ್ಪ ಲೇಟಾಗಿದೆ, ಕ್ಷಮಿಸಿ.

ತಾಳೆ ಪಟ್ಟಿಯ ಪಾಠ

ಕಾಮರ್ಸ್ ಓದಿದವರಿಗೆ ಒಂದು ವಿಷಯ ಗೊತ್ತಿರುತ್ತೆ. ಟ್ರಯಲ್ ಬ್ಯಾಲೆನ್ಸ್, ಅಂದರೆ ತಾಳೆ ಪಟ್ಟಿ. ಡೆಬಿಟ್ ಒಂದು ಕಡೆ, ಕ್ರೆಡಿಟ್ ಒಂದು ಕಡೆ. ಎರಡೂ ಮೊತ್ತ ಒಂದೇ ಬಂದರೆ ಪರೀಕ್ಷೆ ಹಾಲ್‌ನಲ್ಲಿ ಜೀವ ಬಂದ ಹಾಗೆ ಆಗುತ್ತೆ. ಆದರೆ ನಮ್ಮ ಮೇಷ್ಟ್ರು ಪಿಯುಸಿಯಲ್ಲೇ ಹೇಳಿದ್ದರು: ತಾಳೆ ಆಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಅಂಗಡಿಗೆ ಹೊಸ ಫ್ರಿಜ್ ತಂದು, ಅದನ್ನ ರಿಪೇರಿ ಖರ್ಚು ಅಂತ ಬರೆದುಬಿಡಿ. ಡೆಬಿಟ್ ಡೆಬಿಟ್ಟೇ. ಪಟ್ಟಿ ತಾಳೆ ಆಗುತ್ತೆ. ಹತ್ತು ಸಲ ಕೂಡಿದರೂ ತಾಳೆ ಆಗುತ್ತೆ. ಆದರೆ ಆ ವರ್ಷದ ಲಾಭ ಸುಳ್ಳು, ಆಸ್ತಿಯ ಲೆಕ್ಕವೂ ಸುಳ್ಳು.

ಮನಃಶಾಸ್ತ್ರದ ಸಂಶೋಧನೆಯಲ್ಲಿ ಇದಕ್ಕೆ ಎರಡು ಬೇರೆ ಬೇರೆ ಹೆಸರಿದೆ. ಮತ್ತೆ ಮತ್ತೆ ಅಳೆದರೂ ಒಂದೇ ಉತ್ತರ ಬಂದರೆ ಅದು ರಿಲಯಬಿಲಿಟಿ, ಕನ್ನಡದಲ್ಲಿ ವಿಶ್ವಾಸಾರ್ಹತೆ. ಅಳೀತೀನಿ ಅಂತ ಹೇಳಿದ್ದನ್ನೇ ಅಳೀತಾ ಇದೆಯಾ ಅನ್ನೋದು ವ್ಯಾಲಿಡಿಟಿ, ಅಂದರೆ ಸಿಂಧುತ್ವ. ಸಿಂಧುತ್ವ ಪ್ರಮಾಣಪತ್ರ ಅಂತ ತಾಲ್ಲೂಕು ಆಫೀಸಿಗೆ ಓಡಾಡಿದವರಿಗೆ ಈ ಪದ ಹೊಸದಲ್ಲ. ವಿಶ್ವಾಸಾರ್ಹತೆ ಇಲ್ಲದ ಪರೀಕ್ಷೆಗೆ ಸಿಂಧುತ್ವ ಇರೋಕೆ ಸಾಧ್ಯ ಇಲ್ಲ. ದಿನಕ್ಕೊಂದು ತೂಕ ತೋರಿಸೋ ತಕ್ಕಡಿಯನ್ನ ಯಾರು ನಂಬ್ತಾರೆ? ಆದರೆ ಉಲ್ಟಾ ಆಗಬಹುದು. ವಿಶ್ವಾಸಾರ್ಹತೆ ಪೂರ್ತಿ ಇದ್ದು, ಸಿಂಧುತ್ವ ಸೊನ್ನೆ ಇರಬಹುದು.

ಇದು ಪುಸ್ತಕದ ಮಾತು ಅನ್ನಿಸಬಹುದು. ಆದರೆ ಈ ಎರಡು ಪದಗಳ ವ್ಯತ್ಯಾಸ ತಿಳಿಯೋದ್ರೊಳಗೆ ಸಾವಿರಾರು ಜನ ಬೆಲೆ ತೆತ್ತಿದ್ದಾರೆ. ಆ ಕಥೆಗೆ ಬರೋಣ.

ಬಿ.ಕಾಂ.ನ ಸ್ಪಿಯರ್‌ಮನ್

ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪೇಪರ್ ನೆನಪಿದೆಯಾ? ‘ಸ್ಪಿಯರ್‌ಮನ್ ರ‍್ಯಾಂಕ್ ಕೋರಿಲೇಷನ್’. ಒಂದು ಮೈನಸ್ ಆರು ಸಿಗ್ಮಾ ಡಿ ಸ್ಕ್ವೇರ್... ಬಾಯಿಪಾಠ. ಇಬ್ಬರು ತೀರ್ಪುಗಾರರು ಒಂದೇ ಸ್ಪರ್ಧೆಗೆ ಕೊಟ್ಟ ರ‍್ಯಾಂಕ್ ಎಷ್ಟು ಹೊಂದುತ್ತೆ ಅಂತ ಕಂಡುಹಿಡಿಯೋ ಲೆಕ್ಕ. ಈ ಸ್ಪಿಯರ್‌ಮನ್ ಯಾರು ಅಂತ ನಾವ್ಯಾರೂ ಕೇಳಿರಲಿಲ್ಲ. ಅರ್ಥಶಾಸ್ತ್ರಜ್ಞ ಇರಬೇಕು ಅಂದ್ಕೊಂಡಿದ್ದೆ.

ಅಲ್ಲ. ಚಾರ್ಲ್ಸ್ ಸ್ಪಿಯರ್‌ಮನ್ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯಾಗಿದ್ದವರು. ಬರ್ಮಾದಲ್ಲೂ ಕೆಲಸ ಮಾಡಿದ್ದರು. 1897ರಲ್ಲಿ, ಮೂವತ್ತು ದಾಟಿದ ಮೇಲೆ, ಸೇನೆ ಬಿಟ್ಟು ಜರ್ಮನಿಯ ಲೈಪ್‌ಜಿಗ್‌ಗೆ ಮನಃಶಾಸ್ತ್ರ ಓದೋಕೆ ಹೋದರು. 1904ರಲ್ಲಿ ಅವರು ಬರೆದ ಎರಡು ಲೇಖನ ಈ ಕ್ಷೇತ್ರವನ್ನೇ ಬದಲಾಯಿಸಿದವು.

ಅವರ ಯೋಚನೆ ಸರಳ. ಒಂದು ಮಗುವಿನ ಬುದ್ಧಿಶಕ್ತಿಯನ್ನ ಅಳೀಬೇಕು ಅನ್ನಿ. ಕೈಗೆ ಸಿಗೋ ಅಂಕದಲ್ಲಿ ಎರಡು ಭಾಗ ಬೆರೆತಿರುತ್ತೆ: ನಿಜವಾದ ಸಾಮರ್ಥ್ಯ ಒಂದು, ಆ ದಿನದ ತಪ್ಪು ಇನ್ನೊಂದು. ಮಗುವಿಗೆ ರಾತ್ರಿ ನಿದ್ದೆ ಇರಲಿಲ್ಲ, ಮೇಷ್ಟ್ರು ಅವಸರದಲ್ಲಿದ್ದರು, ಊಹೆ ಮಾಡಿದ ಉತ್ತರ ಸರಿ ಬಂತು. ಈ ತಪ್ಪು ಎಷ್ಟಿದೆ ಅಂತ ಲೆಕ್ಕ ಹಾಕದೆ ಎರಡು ಅಳತೆಗಳನ್ನ ಹೋಲಿಸಿದರೆ, ಅವುಗಳ ನಡುವಿನ ಸಂಬಂಧ ಇರೋದಕ್ಕಿಂತ ಕಮ್ಮಿ ಕಾಣುತ್ತೆ. 1910ರಲ್ಲಿ ಸ್ಪಿಯರ್‌ಮನ್ ಮತ್ತು ವಿಲಿಯಂ ಬ್ರೌನ್ ಬೇರೆ ಬೇರೆಯಾಗಿ ಒಂದೇ ಸೂತ್ರಕ್ಕೆ ಬಂದರು. ಅದೇ ಥರದ ಪ್ರಶ್ನೆಗಳನ್ನ ಹೆಚ್ಚಿಸಿದಷ್ಟೂ ಪರೀಕ್ಷೆಯ ವಿಶ್ವಾಸಾರ್ಹತೆ ಏರುತ್ತೆ, ಎಷ್ಟು ಏರುತ್ತೆ ಅನ್ನೋದನ್ನೂ ಲೆಕ್ಕ ಹಾಕಬಹುದು.

ಇದು ದೊಡ್ಡ ಸಾಧನೆ. ತಪ್ಪನ್ನ ಅಳೆಯೋಕೆ ದಾರಿ ಸಿಕ್ಕಿತು. ಆದರೆ ಒಂದು ನಿಮಿಷ ನನ್ನ ಗಾಲ್ಫ್ ಪ್ರಶ್ನೆಗೆ ವಾಪಸ್ ಬನ್ನಿ. ಆ ಒಂದು ಪ್ರಶ್ನೆಯ ಜಾಗದಲ್ಲಿ ಇಪ್ಪತ್ತು ಗಾಲ್ಫ್ ಪ್ರಶ್ನೆ ಹಾಕಿ. ನಾನು ಇಪ್ಪತ್ತರಲ್ಲೂ ಎಡವ್ತೀನಿ. ಗಾಲ್ಫ್ ಕ್ಲಬ್ ಮೆಂಬರ್ ಮಗ ಇಪ್ಪತ್ತರಲ್ಲೂ ಗೆಲ್ತಾನೆ. ಸೂತ್ರದ ಪ್ರಕಾರ ಪರೀಕ್ಷೆಯ ವಿಶ್ವಾಸಾರ್ಹತೆ ಏರುತ್ತೆ. ಬುದ್ಧಿಶಕ್ತಿಯ ಬಗ್ಗೆ ಮಾತ್ರ ಒಂದಕ್ಷರವೂ ಗೊತ್ತಾಗಲ್ಲ. ತಪ್ಪು ಖಾತೆಯಲ್ಲಿ ಇಪ್ಪತ್ತು ನಮೂದು, ತಾಳೆ ಮಾತ್ರ ಅಚ್ಚುಕಟ್ಟು.

ಪ್ಯಾರಿಸ್‌ನಿಂದ ಹಡಗು ಹತ್ತಿದ ಪರೀಕ್ಷೆ

ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಬೇರೆ ಕೆಲಸದಲ್ಲಿದ್ದರು. ಶಾಲೆಯಲ್ಲಿ ಹಿಂದೆ ಬೀಳೋ ಮಕ್ಕಳನ್ನ ಗುರುತಿಸಿ, ಅವರಿಗೆ ವಿಶೇಷ ಪಾಠ ಕೊಡೋದು ಹೇಗೆ ಅನ್ನೋದು ಸರ್ಕಾರದ ಮುಂದಿದ್ದ ಪ್ರಶ್ನೆ. 1905ರಲ್ಲಿ ಬಿನೆ ಮತ್ತು ತಿಯೊಡೋರ್ ಸಿಮೊನ್ 30 ಚಿಕ್ಕ ಚಿಕ್ಕ ಕೆಲಸಗಳ ಒಂದು ಪರೀಕ್ಷೆ ಮಾಡಿದರು. ಸುಲಭದಿಂದ ಕಷ್ಟಕ್ಕೆ ಹೋಗೋ ಮೆಟ್ಟಿಲು. 1908ರಲ್ಲಿ ಅದನ್ನ ವಯಸ್ಸಿಗೆ ತಕ್ಕ ಹಾಗೆ ಜೋಡಿಸಿದರು. ಬಿನೆಗೆ ಒಂದು ಭಯವೂ ಇತ್ತು: ಈ ಅಂಕವನ್ನ ಹಿಡ್ಕೊಂಡು, ಮಗುವಿನ ಬುದ್ಧಿ ಇಷ್ಟೇ, ಇನ್ನು ಬೆಳೆಯಲ್ಲ ಅಂತ ಜನ ಹಣೆಪಟ್ಟಿ ಹಚ್ಚಬಹುದು ಅಂತ. ಅದರ ವಿರುದ್ಧ ಅವರು ಬರೆದೂ ಬರೆದರು. 1911ರಲ್ಲಿ ತೀರಿಕೊಂಡರು.

ಭಯ ನಿಜವಾಯ್ತು. ಹೆನ್ರಿ ಗಾಡರ್ಡ್ ಅನ್ನೋ ಅಮೆರಿಕನ್ ಮನಃಶಾಸ್ತ್ರಜ್ಞರು ಈ ಪರೀಕ್ಷೆಯನ್ನ ಇಂಗ್ಲಿಷಿಗೆ ತಂದರು. 1913ರಲ್ಲಿ ಅದನ್ನ ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪಕ್ಕೆ ತಗೊಂಡು ಹೋದರು. ಯುರೋಪಿನಿಂದ ಬರೋ ವಲಸಿಗರು ಹಡಗು ಇಳಿದು ತಪಾಸಣೆಗೆ ನಿಲ್ಲೋ ಜಾಗ ಅದು.

ಆ ದೃಶ್ಯ ಕಣ್ಣ ಮುಂದೆ ತಂದ್ಕೊಳ್ಳಿ. ಹಡಗಿನ ತಳದಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿ ಬಂದ ಬಡ ರೈತ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಭಾಷೆ, ನಡುವೆ ಒಬ್ಬ ದುಭಾಷಿ. ವಾಪಸ್ ಕಳಿಸಿಬಿಡ್ತಾರೋ ಏನೋ ಅನ್ನೋ ಹೆದರಿಕೆ. ಎಷ್ಟೋ ಜನ ಜೀವನದಲ್ಲಿ ಪೆನ್ಸಿಲ್ ಹಿಡಿದವರೇ ಅಲ್ಲ. ಅವನಿಗೆ ಒಂದು ಚಿತ್ರ ತೋರಿಸಿ ಮುಚ್ಚಿಟ್ಟು, ನೆನಪಿನಿಂದ ಬರಿ ಅಂತಾರೆ. ಮೂರು ನಿಮಿಷದಲ್ಲಿ 60 ಪದ ಹೇಳು ಅಂತಾರೆ.

1917ರಲ್ಲಿ ಗಾಡರ್ಡ್ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆ ಮಾಡಿದ ಯಹೂದಿಗಳಲ್ಲಿ 83%, ಇಟಾಲಿಯನ್ನರಲ್ಲಿ 79%, ರಷ್ಯನ್ನರಲ್ಲಿ 87% ‘ಮಂದಬುದ್ಧಿ’. ಒಂದೊಂದು ಗುಂಪಿನಲ್ಲಿ ಇದ್ದವರು 50 ಜನ ಅಥವಾ ಅದಕ್ಕಿಂತ ಕಮ್ಮಿ. ಒಂದು ಊರಿನ ಹತ್ತು ಜನರಲ್ಲಿ ಎಂಟು ಜನ ಮಂದಬುದ್ಧಿ ಅಂತ ನಿಮ್ಮ ಮೀಟರ್ ತೋರಿಸಿದರೆ, ನೀವು ಊರನ್ನ ಅನುಮಾನಿಸ್ತೀರಾ, ಮೀಟರನ್ನ ಅನುಮಾನಿಸ್ತೀರಾ? ಗಾಡರ್ಡ್‌ಗೂ ಆ ಅಂಕಿ ನುಂಗೋಕೆ ಕಷ್ಟ ಆಗಿತ್ತು. ಆದರೂ ಮೀಟರ್ ಪಕ್ಕಕ್ಕೆ ಇಡಲಿಲ್ಲ.

ನೆಟ್ ಇಲ್ಲದ ಟೆನ್ನಿಸ್ ಕೋರ್ಟ್

ಅದೇ 1917ರಲ್ಲಿ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳೀತು. ರಾಬರ್ಟ್ ಯರ್ಕ್ಸ್ ಅನ್ನೋ ಮನಃಶಾಸ್ತ್ರಜ್ಞರ ನೇತೃತ್ವದಲ್ಲಿ ಸುಮಾರು 17.5 ಲಕ್ಷ ಸೈನಿಕರಿಗೆ ಬುದ್ಧಿಪರೀಕ್ಷೆ ನಡೀತು. ಓದು ಬರಹ ಬರೋರಿಗೆ ‘ಆಲ್ಫಾ’, ಬರದೋರಿಗೆ ಚಿತ್ರಗಳ ‘ಬೀಟಾ’.

ಆಲ್ಫಾದಲ್ಲಿ ಕ್ರಿಸ್ಕೋ ಅಂದರೇನು ಅನ್ನೋ ಪ್ರಶ್ನೆ ಇತ್ತು. ಅದು ಅಮೆರಿಕದ ಅಡುಗೆ ಕೊಬ್ಬಿನ ಬ್ರ್ಯಾಂಡ್, ನಮ್ಮ ಡಾಲ್ಡಾ ಇದ್ದ ಹಾಗೆ. ಕ್ರಿಸ್ಟಿ ಮ್ಯಾಥ್ಯೂಸನ್ ಯಾಕೆ ಪ್ರಸಿದ್ಧ ಅಂತ ಇನ್ನೊಂದು. ಅವರು ಬೇಸ್‌ಬಾಲ್ ಆಟಗಾರ. ಬೀಟಾದಲ್ಲಿ ಅಪೂರ್ಣ ಚಿತ್ರಗಳು: ಟೆನ್ನಿಸ್ ಕೋರ್ಟ್ ಚಿತ್ರದಲ್ಲಿ ಏನಿಲ್ಲ? ನೆಟ್ ಇಲ್ಲ. ಗ್ರಾಮಾಫೋನ್‌ನಲ್ಲಿ ಏನಿಲ್ಲ? ಕೊಳವೆ ಇಲ್ಲ. ಇಟಲಿಯ ಹಳ್ಳಿಯಿಂದ ಬಂದ ಹುಡುಗ ಟೆನ್ನಿಸ್ ಕೋರ್ಟನ್ನೇ ನೋಡಿಲ್ಲ, ನೆಟ್ ಎಲ್ಲಿಂದ ತರಬೇಕು? ನಾನಂತೂ ಇದನ್ನ ಓದಿದಾಗ ನನ್ನ ಗಾಲ್ಫ್ ಪ್ರಶ್ನೆ ನೆನಪಾಗಿ ಜೋರಾಗಿ ನಕ್ಕೆ. ಆಮೇಲೆ ನಗು ನಿಂತಿತು.

ಯಾಕೆಂದರೆ, ಆ ದತ್ತಾಂಶದಲ್ಲೇ ಒಂದು ಸುಳಿವು ಕಣ್ಣಿಗೆ ಹೊಡೆಯೋ ಹಾಗೆ ಇತ್ತು. ಅಮೆರಿಕಕ್ಕೆ ಬಂದು ಐದು ವರ್ಷದೊಳಗಿದ್ದ ವಲಸಿಗ ಸೈನಿಕರ ಸರಾಸರಿ ‘ಮಾನಸಿಕ ವಯಸ್ಸು’ 11ರ ಆಸುಪಾಸು. ಬಂದು ವರ್ಷ ಹೆಚ್ಚಾದ ಹಾಗೆ ಅಂಕ ಏರ್ತಾ ಹೋಗಿ, 20 ವರ್ಷ ಮೀರಿದವರಲ್ಲಿ 13 ದಾಟಿ, ಅಲ್ಲೇ ಹುಟ್ಟಿ ಬೆಳೆದವರ ಮಟ್ಟ ಮುಟ್ಟುತ್ತೆ. ನಿಮಗೆ ಏನು ಅನ್ನಿಸುತ್ತೆ? ಪರೀಕ್ಷೆ ಅಳೀತಾ ಇದ್ದದ್ದು ಹುಟ್ಟಿನಿಂದ ಬಂದ ಬುದ್ಧಿಯನ್ನಲ್ಲ, ಅಮೆರಿಕದ ಪರಿಚಯವನ್ನ. ಒಂದು ಟೀ ಅಂಗಡಿಯಲ್ಲಿ ಕೂತು ಹೇಳಬಹುದಾದ ಮಾತು ಇದು.

ಪ್ರಿನ್ಸ್‌ಟನ್‌ನ ಕಾರ್ಲ್ ಬ್ರಿಗಮ್‌ಗೆ ಹಾಗೆ ಅನ್ನಿಸಲಿಲ್ಲ. 1923ರಲ್ಲಿ ಅವರು ಇದೇ ಅಂಕಿಗಳ ಮೇಲೆ ಒಂದು ಪುಸ್ತಕ ಬರೆದರು. ಅವರ ವಿವರಣೆ: ಮುಂಚೆ ಬಂದವರು ಉತ್ತರ ಯುರೋಪಿನ ಒಳ್ಳೆ ‘ತಳಿ’, ಈಚೆಗೆ ಬರ್ತಿರೋರು ದಕ್ಷಿಣ ಮತ್ತು ಪೂರ್ವ ಯುರೋಪಿನ ಕೀಳು ತಳಿ. ಅಂಕ ಹೇಳ್ತಿದ್ದದ್ದು ಒಂದು, ಅವರು ಬರೆದ ಖಾತೆ ಇನ್ನೊಂದು. ಮರುವರ್ಷ, 1924ರಲ್ಲಿ, ಅಮೆರಿಕ ವಲಸೆ ಕಾನೂನು ತಂದಿತು. 1890ರ ಜನಗಣತಿ ಆಧಾರದ ಮೇಲೆ ದೇಶಕ್ಕೆ 2% ಕೋಟಾ. ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೆ ಬಾಗಿಲು ಹೆಚ್ಚು ಕಮ್ಮಿ ಮುಚ್ಚಿತು. ಇದಕ್ಕೆ ಬುದ್ಧಿಪರೀಕ್ಷೆಯೊಂದೇ ಕಾರಣ ಅಂತ ಹೇಳೋದು ತಪ್ಪು. ಅದರ ಪಾತ್ರ ಎಷ್ಟು ಅನ್ನೋದರ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಜಗಳ ಇದೆ. ಆದರೆ ಆಗಲೇ ಇದ್ದ ದ್ವೇಷಕ್ಕೆ ವಿಜ್ಞಾನದ ಮೊಹರು ಸಿಕ್ಕಿತ್ತು.

ಕ್ಯಾರಿ ಬಕ್

ಈಗ ಒಬ್ಬ ಹುಡುಗಿಯ ಕಥೆ. ಇಷ್ಟೊತ್ತು ಲಕ್ಷಗಳಲ್ಲಿ ಮಾತಾಡಿದೆವು, ಆದರೆ ಅಂಕ ಕೊನೆಗೆ ಬೀಳೋದು ಒಬ್ಬೊಬ್ಬರ ತಲೆ ಮೇಲೆ.

ಅಮೆರಿಕದ ವರ್ಜೀನಿಯಾ ರಾಜ್ಯ. ಕ್ಯಾರಿ ಬಕ್ ಬೇರೆಯವರ ಮನೆಯಲ್ಲಿ ಬೆಳೀತಿದ್ದ ಹುಡುಗಿ. ಆರನೇ ತರಗತಿವರೆಗೆ ಶಾಲೆಗೆ ಹೋಗಿದ್ದಳು, ಸರಿಯಾಗೇ ಪಾಸಾಗಿದ್ದಳು. ಆ ಮನೆಯ ಸಂಬಂಧಿ ಹುಡುಗನೊಬ್ಬ ಅವಳ ಮೇಲೆ ಅತ್ಯಾಚಾರ ಮಾಡಿದ. ಬಸುರಾದ ಮೇಲೆ ಸಾಕಿದವರು ಅವಳನ್ನ ‘ಮಂದಬುದ್ಧಿ’ ಅಂತ ಸರ್ಕಾರಿ ಸಂಸ್ಥೆಗೆ ಸೇರಿಸಿದರು. ಅವಳ ತಾಯಿ ಎಮ್ಮಾ ಆಗಲೇ ಅಲ್ಲಿದ್ದಳು. 1924ರಲ್ಲಿ ಕ್ಯಾರಿಗೆ ಹೆಣ್ಣುಮಗು ಹುಟ್ಟಿತು. ಹೆಸರು ವಿವಿಯನ್.

ಬಿನೆಯ ಪರೀಕ್ಷೆಯನ್ನ 1916ರಲ್ಲಿ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಅಮೆರಿಕಕ್ಕೆ ಹೊಂದಿಸಿ ‘ಸ್ಟ್ಯಾನ್‌ಫರ್ಡ್-ಬಿನೆ’ ಅಂತ ಮಾಡಿದ್ದರು. ಅದರ ಪ್ರಕಾರ ಕ್ಯಾರಿಯ ಮಾನಸಿಕ ವಯಸ್ಸು 9, ತಾಯಿಯದ್ದು 8ರ ಹತ್ತಿರ. ಕೂಸು ವಿವಿಯನ್‌ಗೆ ಏಳು ತಿಂಗಳು. ನೋಡೋಕೆ ಯಾಕೋ ಸರಿ ಇಲ್ಲ ಅಂತ ಒಬ್ಬ ಸಮಾಜಸೇವಕಿ ಸಾಕ್ಷಿ ಹೇಳಿದರು. ಅಷ್ಟೇ ಅಳತೆ. ಮೂರು ತಲೆಮಾರು ಮಂದಬುದ್ಧಿ ಅಂತ ತೀರ್ಮಾನ. ಕ್ಯಾರಿಗೆ ಮತ್ತೆ ಮಕ್ಕಳಾಗದ ಹಾಗೆ ಬಲವಂತದ ಶಸ್ತ್ರಚಿಕಿತ್ಸೆ ಮಾಡಬಹುದಾ ಅನ್ನೋ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯ್ತು. 1927ರ ಮೇ ತಿಂಗಳಲ್ಲಿ 8–1 ಬಹುಮತದಲ್ಲಿ ಮಾಡಬಹುದು ಅಂತ ಕೋರ್ಟ್ ಹೇಳಿತು. ಅಕ್ಟೋಬರ್‌ನಲ್ಲಿ ಮಾಡಿದರು. ಇಂಥ ಕಾನೂನುಗಳಡಿ ಅಮೆರಿಕದಲ್ಲಿ ಒಟ್ಟು 60 ಸಾವಿರಕ್ಕೂ ಹೆಚ್ಚು ಜನರಿಗೆ ಹೀಗೆ ಆಯ್ತು.

ವಿವಿಯನ್ ಶಾಲೆಗೆ ಹೋದಳು. 1931ರಲ್ಲಿ ಚೆನ್ನಾಗಿ ಓದೋ ಮಕ್ಕಳ ಗೌರವ ಪಟ್ಟಿಯಲ್ಲಿ ಅವಳ ಹೆಸರಿತ್ತು. ಮರುವರ್ಷ, ಎಂಟನೇ ವಯಸ್ಸಿನಲ್ಲಿ, ಕಾಯಿಲೆ ಬಂದು ತೀರಿಕೊಂಡಳು. ಕ್ಯಾರಿ 1983ರ ತನಕ ಬದುಕಿದ್ದರು. ಕೊನೆಗಾಲದಲ್ಲಿ ಅವರನ್ನ ಕಂಡವರು ಹೇಳೋ ಪ್ರಕಾರ ಪೇಪರ್ ಓದ್ತಿದ್ದರು, ಪದಬಂಧ ಬಿಡಿಸ್ತಿದ್ದರು.

ಈ ಸಂಚಿಕೆಗೆ ಓದುವಾಗ ನಾನು ಇಲ್ಲಿ ಎರಡು ದಿನ ನಿಂತುಬಿಟ್ಟೆ. ನನಗೆ ತಪ್ಪಿದ್ದು ಒಂದು ಕೆಲಸ. ಬೇರೆ ಕೆಲಸ ಸಿಕ್ಕಿತು. ಕ್ಯಾರಿಗೆ ತಪ್ಪಿದ್ದು ಯಾವತ್ತೂ ವಾಪಸ್ ಸಿಗೋ ಹಾಗಿರಲಿಲ್ಲ.

ಪ್ರಶ್ನೆ ಕೇಳಿದವರು

ಆಗ ಯಾರೂ ಪ್ರಶ್ನೆ ಮಾಡಲಿಲ್ವಾ? ಮಾಡಿದರು. ಜೋರಾಗಿ ಕೇಳಿದವರಲ್ಲಿ ಒಬ್ಬರು ಮನಃಶಾಸ್ತ್ರಜ್ಞರೇ ಅಲ್ಲ, ಪತ್ರಕರ್ತ ವಾಲ್ಟರ್ ಲಿಪ್‌ಮನ್. ‘ನ್ಯೂ ರಿಪಬ್ಲಿಕ್’ ಪತ್ರಿಕೆಯಲ್ಲಿ 1922ರಲ್ಲಿ ಸರಣಿ ಬರೆದರು. ಅಮೆರಿಕದ ಸರಾಸರಿ ವಯಸ್ಕನ ಬುದ್ಧಿ ಹದಿನಾಲ್ಕು ವರ್ಷದ ಮಗುವಿನದ್ದು ಅಂತ ಆಗ ಗದ್ದಲ ಎದ್ದಿತ್ತು. ಲಿಪ್‌ಮನ್ ವಾದ ಸಿಂಪಲ್: ಸರಾಸರಿ ವಯಸ್ಕ ಅಂದರೇನೇ ವಯಸ್ಕರ ಅಳತೆಗೋಲು, ಅವನು ತನಗಿಂತ ತಾನೇ ಕಮ್ಮಿ ಆಗೋದು ಹೇಗೆ? ತಪ್ಪು ಅಳತೆಗೋಲಿನಲ್ಲಿದೆ. ಬುದ್ಧಿ ಅಂದರೇನು ಅಂತ ಒಪ್ಪಿಗೆಯೇ ಆಗಿಲ್ಲ, ಅದನ್ನ ಅಳೆದುಬಿಟ್ಟೆವು ಅಂತ ಹೇಗೆ ಹೇಳ್ತೀರಿ? ಟರ್ಮನ್ ಅದೇ ಪತ್ರಿಕೆಯಲ್ಲಿ ಲಿಪ್‌ಮನ್‌ರನ್ನ ಗೇಲಿ ಮಾಡಿ ಉತ್ತರ ಬರೆದರು. ಪ್ರಶ್ನೆ ಹಾಗೇ ಉಳೀತು.

ಇನ್ನೊಬ್ಬರು ಅದೇ ಕಾರ್ಲ್ ಬ್ರಿಗಮ್. ಹೌದು, 1923ರ ಪುಸ್ತಕ ಬರೆದವರೇ. 1930ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ತಮ್ಮ ಪುಸ್ತಕಕ್ಕೆ ಆಧಾರವೇ ಇರಲಿಲ್ಲ ಅಂತ ತಾವೇ ಬರೆದು ಒಪ್ಪಿಕೊಂಡರು. ಸೇನಾ ಪರೀಕ್ಷೆಯ ಬೇರೆ ಬೇರೆ ಭಾಗಗಳು ಒಂದೇ ವಿಷಯವನ್ನ ಅಳೀತಾ ಇರಲಿಲ್ಲ, ಅವನ್ನ ಕೂಡಿಸಿದ್ದೇ ತಪ್ಪು. ಪರೀಕ್ಷೆಯ ಭಾಷೆಯನ್ನ ಕಲಿಯೋಕೆ ಸಮಾನ ಅವಕಾಶ ಇರದ ಜನರನ್ನ ಹೋಲಿಸಿದ್ದೂ ತಪ್ಪು. ತನ್ನ ಪುಸ್ತಕ ತಪ್ಪು ಅಂತ ಅಚ್ಚು ಹಾಕಿಸೋಕೆ ಧೈರ್ಯ ಬೇಕು, ಅದನ್ನ ಮೆಚ್ಚಲೇಬೇಕು. ಆದರೆ ಕಾನೂನು ಆಗಿ ಆರು ವರ್ಷ ಆಗಿತ್ತು. ಕ್ಯಾರಿಯ ಶಸ್ತ್ರಚಿಕಿತ್ಸೆಯೂ ಮುಗಿದಿತ್ತು.

ಸಿಂಧುತ್ವ ಅಂದರೆ ಏನು ಅನ್ನೋದಕ್ಕೆ ಗಟ್ಟಿ ಉತ್ತರ ಬಂದಿದ್ದು 1955ರಲ್ಲಿ. ಲೀ ಕ್ರೋನ್‌ಬಾಕ್ ಮತ್ತು ಪಾಲ್ ಮೀಲ್ ಬರೆದ ಲೇಖನ. ಬುದ್ಧಿ, ಆತಂಕ, ಆತ್ಮವಿಶ್ವಾಸ... ಇವ್ಯಾವುವೂ ಗೋಧಿ ಚೀಲದ ಹಾಗೆ ಕಣ್ಣಿಗೆ ಕಾಣಲ್ಲ. ಹಾಗಾಗಿ ನನ್ನ ಪರೀಕ್ಷೆ ಸಿಂಧು ಅಂತ ಒಂದೇ ನಂಬರ್ ತೋರಿಸಿ ಹೇಳೋಕಾಗಲ್ಲ. ಅದು ಯಾವುದರ ಜೊತೆ ಹೊಂದಬೇಕೋ ಅದರ ಜೊತೆ ಹೊಂದುತ್ತಾ, ಹೊಂದಬಾರದ್ದರಿಂದ ದೂರ ಇದೆಯಾ ಅಂತ ಹಲವು ದಿಕ್ಕಿನಿಂದ ಪುರಾವೆ ಕೂಡಿಸಬೇಕು. ಒಂದು ಸಲ ಸೀಲ್ ಹೊಡೆದರೆ ಮುಗೀತು ಅನ್ನೋ ಹಾಗಿಲ್ಲ. ತಮಾಷೆ ಏನು ಗೊತ್ತಾ? ಇದೇ ಕ್ರೋನ್‌ಬಾಕ್ 1951ರಲ್ಲಿ ಬರೆದ ‘ಆಲ್ಫಾ’ ಅನ್ನೋ ರಿಲಯಬಿಲಿಟಿ ಲೆಕ್ಕ ಇವತ್ತು ಎಲ್ಲ ಪ್ರಾಜೆಕ್ಟ್ ರಿಪೋರ್ಟ್‌ನಲ್ಲೂ ಇರುತ್ತೆ. ಎಂ.ಕಾಂ., ಎಂ.ಬಿ.ಎ. ಮಾಡಿದವರಿಗೆ ಗೊತ್ತು, 0.7 ದಾಟಿತು ಅಂದರೆ ಪಾರ್ಟಿ. ಅವರ 1955ರ ಪ್ರಶ್ನೆಯನ್ನ ಕೇಳೋರು ಕಮ್ಮಿ.

ಮೈಸೂರು, ಧಾರವಾಡ

ಈ ಕಥೆಯ ಒಂದು ಎಳೆ ನಮ್ಮ ಮನೆ ಬಾಗಿಲಿಗೂ ಬರುತ್ತೆ. ಅಮೆರಿಕ ವಲಸೆ ಕಾನೂನು ತಂದ ಅದೇ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯ್ತು. ಕಲ್ಕತ್ತಾ ಬಿಟ್ಟರೆ ದೇಶದಲ್ಲಿ ಇದೇ ಮುಂಚಿನದು. ಅದನ್ನ ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್‌ನಲ್ಲಿ ಅವರ ಗುರು ಯಾರು ಗೊತ್ತಾ? ಚಾರ್ಲ್ಸ್ ಸ್ಪಿಯರ್‌ಮನ್. ನಮ್ಮ ಬಿ.ಕಾಂ. ಸೂತ್ರದ ಅದೇ ಸ್ಪಿಯರ್‌ಮನ್.

ಧಾರವಾಡದ ಕಡೆ ವಿ. ವಿ. ಕಾಮತ್ ಅನ್ನೋ ಶಿಕ್ಷಣತಜ್ಞರು ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯನ್ನ ಕೈಗೆ ತಗೊಂಡರು. ಆಗಿನ ಮುಂಬೈ ಪ್ರಾಂತ್ಯದ ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳಿಗೆ ಅದನ್ನ ಹೊಂದಿಸಿ, ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ, ಇಲ್ಲಿನ ಮಟ್ಟ ಏನು ಅಂತ ನಿಗದಿ ಮಾಡಿದರು. 1940ರಲ್ಲಿ ಅವರ ಪುಸ್ತಕ ಬಂತು. ಗಾಡರ್ಡ್ ದುಭಾಷಿ ಇಟ್ಟುಕೊಂಡು ಮುಗಿಸಿದ ಕೆಲಸಕ್ಕೂ ಇದಕ್ಕೂ ಅಜಗಜಾಂತರ.

ಬರೀ ಅನುವಾದ ಯಾಕೆ ಸಾಲಲ್ಲ ಅಂತ ನೋಡಿ. ಟರ್ಮನ್ ಪರೀಕ್ಷೆಯಲ್ಲಿ ಮಗುವಿಗೆ ನಾಲ್ಕು ನಾಣ್ಯ ತೋರಿಸಿ ಹೆಸರು ಕೇಳ್ತಾರೆ: ನಿಕಲ್, ಡೈಮ್... ಆಣೆ, ಪೈ ನೋಡಿದ ಧಾರವಾಡದ ಮಗುವಿಗೆ ಅದೇನು ಗೊತ್ತು? ಇನ್ನೊಂದು ಕಡೆ ‘ಡೇ’ ಅನ್ನೋ ಪದಕ್ಕೆ ಪ್ರಾಸ ಹೇಳು ಅಂತಾರೆ. ‘ದಿನ’ ಅಂತ ಅನುವಾದ ಮಾಡಿದರೆ ಅದು ಬೇರೆಯದೇ ಪ್ರಶ್ನೆ, ಸುಲಭವೋ ಕಷ್ಟವೋ ಮೊದಲಿಂದ ನೋಡಬೇಕು.

ಅಂಕಿಗಳ ವಿಷಯ ಇನ್ನೂ ಮಜಾ ಇದೆ. ಪರೀಕ್ಷಕರು ಹೇಳಿದ ಅಂಕಿಗಳನ್ನ ನೆನಪಿಟ್ಟು ವಾಪಸ್ ಹೇಳೋದು ಬುದ್ಧಿಪರೀಕ್ಷೆಗಳಲ್ಲಿ ಸಾಮಾನ್ಯ. ಭಾಷೆ ಯಾವುದಾದರೇನು, ಅಂಕಿ ಅಂಕಿನೇ ತಾನೇ? ಈಗ ಹೇಳಿ ನೋಡಿ: ‘ಫೋರ್, ನೈನ್, ಟೂ’. ಈಗ ಕನ್ನಡದಲ್ಲಿ: ‘ನಾಲ್ಕು, ಒಂಬತ್ತು, ಎರಡು’. ನಮ್ಮವು ಉದ್ದ. 1980ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ವೆಲ್ಷ್ ಭಾಷೆಯಲ್ಲಿ ಇದನ್ನೇ ನೋಡಿದರು. ವೆಲ್ಷ್ ಅಂಕಿಗಳನ್ನ ಉಚ್ಚರಿಸೋಕೆ ಇಂಗ್ಲಿಷಿಗಿಂತ ಜಾಸ್ತಿ ಹೊತ್ತು ಬೇಕು. ಹಾಗಾಗಿ ವೆಲ್ಷ್‌ನಲ್ಲಿ ಪರೀಕ್ಷೆ ಬರೆದ ಮಕ್ಕಳ ನೆನಪಿನ ಅಂಕ ಕಮ್ಮಿ ಬರುತ್ತೆ. ನೆನಪಿನ ಶಕ್ತಿ ಕಮ್ಮಿ ಅಂತಲ್ಲ, ನಾಲಿಗೆ ಮೇಲಿನ ಪದ ಉದ್ದ ಅಂತ.

ಕಾಮತ್ ಮಾಡಿದ ಆ ಪರೀಕ್ಷೆ ‘ಬಿನೆ-ಕಾಮತ್’ ಅಂತಲೇ ಹೆಸರಾಗಿ ಎಷ್ಟೋ ದಶಕ ನಮ್ಮ ದೇಶದ ಕ್ಲಿನಿಕ್‌ಗಳಲ್ಲಿ ಬಳಕೆಯಲ್ಲಿ ಉಳೀತು. ಇಲ್ಲೊಂದು ಎಚ್ಚರಿಕೆಯೂ ಬೇಕು. 1984ರಲ್ಲಿ ಜೇಮ್ಸ್ ಫ್ಲಿನ್ ತೋರಿಸಿದ ಪ್ರಕಾರ 1932ರಿಂದ 1978ರೊಳಗೆ ಅಮೆರಿಕನ್ನರ ಸರಾಸರಿ ಐಕ್ಯೂ ಸುಮಾರು 14 ಅಂಕ ಏರಿತ್ತು. ಮಿದುಳು ಅಷ್ಟು ಬೇಗ ಬದಲಾಗಲ್ಲ, ಶಾಲೆ ಮತ್ತು ಬದುಕು ಬದಲಾಗುತ್ತೆ. ಅಂದರೆ ಅಜ್ಜನ ಕಾಲದ ಮಕ್ಕಳ ಮಟ್ಟ ಇಟ್ಟುಕೊಂಡು ಮೊಮ್ಮಗನನ್ನ ಅಳೆದರೆ ಅಂಕ ತಪ್ಪುತ್ತೆ. ನಮ್ಮ ನೆಲದಲ್ಲೇ ಹುಟ್ಟಿದ ಒಳ್ಳೆ ಪರೀಕ್ಷೆಗೂ ಇದು ಅನ್ವಯಿಸುತ್ತೆ. ಒಂದು ಮಗುವಿಗೆ ಸರ್ಟಿಫಿಕೇಟ್ ಸಿಗುತ್ತಾ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗುತ್ತಾ ಅನ್ನೋದು ಇಂಥ ಅಂಕದ ಮೇಲೆ ನಿಂತಾಗ, ಆ ಮಟ್ಟ ಯಾವ ಕಾಲದ್ದು ಅಂತ ಕೇಳೋದು ಅಧಿಕಪ್ರಸಂಗ ಅಲ್ಲ, ಅಪ್ಪ-ಅಮ್ಮನ ಹಕ್ಕು.

ನನ್ನ ಉತ್ತರ

ಈಗ ಆ ಪ್ಲೇಸ್‌ಮೆಂಟ್ ಹಾಲ್‌ಗೆ ವಾಪಸ್ ಹೋಗೋಣ. ನ್ಯಾಯವಾಗಿ ಹೇಳಬೇಕು ಅಂದರೆ, ಆ ಟೆಸ್ಟ್ ಕೆಟ್ಟದ್ದು ಅಂತ ನಾನು ಹೇಳೋಕಾಗಲ್ಲ. ನಾನು ಆ ಕೆಲಸಕ್ಕೆ ನಿಜವಾಗಿಯೂ ಸರಿಹೋಗ್ತಿರಲಿಲ್ಲವೇನೋ. ಆದರೆ ಎರಡು ಸಲ ಒಂದೇ ಸ್ಕೋರ್ ಬಂತು ಅನ್ನೋದು ಅದಕ್ಕೆ ಪುರಾವೆ ಅಲ್ಲ.

ಇವತ್ತಾಗಿದ್ದರೆ ನಾನು ಹೀಗೆ ಕೇಳ್ತಿದ್ದೆ: “ಸರ್, ರಿಲಯಬಲ್ ಅಂತ ಒಪ್ಪಿದೆ. ಇದು ಅಳೀತಾ ಇರೋದು ಏನನ್ನ? ಯಾವ ಥರದ ಜನರ ಮೇಲೆ, ಯಾವ ಭಾಷೆಯಲ್ಲಿ ಇದನ್ನ ಪರೀಕ್ಷಿಸಿದ್ದಾರೆ? ಇದರಲ್ಲಿ ಜಾಸ್ತಿ ಅಂಕ ತಗೊಂಡವರು ಆಮೇಲೆ ಕೆಲಸದಲ್ಲೂ ಚೆನ್ನಾಗಿ ಮಾಡಿದ್ದಾರಾ, ಯಾರಾದರೂ ನೋಡಿದ್ದಾರಾ? ನನ್ನಂಥ ಕನ್ನಡ ಮೀಡಿಯಂನವರ ವಿಷಯದಲ್ಲೂ ಅದೇ ನಿಜವಾ?” ಅವರ ಹತ್ರ ಉತ್ತರ ಇದ್ದಿದ್ದರೆ ನಾನು ಸುಮ್ಮನೆ ಥ್ಯಾಂಕ್ಸ್ ಹೇಳಿ ಬಸ್ ಹತ್ತುತ್ತಿದ್ದೆ.

ನಿಮಗೂ ಇಂಥ ಟೆಸ್ಟ್‌ಗಳು ಬರ್ತವೆ. ಕೆಲಸಕ್ಕೆ, ಕೋರ್ಸಿಗೆ, ಇನ್‌ಸ್ಟಾಗ್ರಾಂನಲ್ಲಿ ‘ನಿಮ್ಮ ವ್ಯಕ್ತಿತ್ವ ಯಾವುದು’ ಅಂತ. ಅಂಕ ಬಂದ ತಕ್ಷಣ ಅದನ್ನ ಹಣೆಗೆ ಅಂಟಿಸ್ಕೋಬೇಡಿ. ಮೊದಲು ಈ ನಾಲ್ಕು ಪ್ರಶ್ನೆ ಕೇಳಿ.

ಮುಗಿಸೋ ಮುಂಚೆ ಒಂದು ಸಣ್ಣ ವಿಷಯ. ಸ್ಪಿಯರ್‌ಮನ್ ಶಿಷ್ಯ ಗೋಪಾಲಸ್ವಾಮಿಯವರ ಬಗ್ಗೆ ಹೇಳಿದೆನಲ್ಲ, ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಒಂದು ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. ಅದರ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ಮನೆಯ ಒಂದು ಕೋಣೆಯಲ್ಲಿ ಕೂತು, ಯಾರು ಕೇಳ್ತಾರೋ ಗೊತ್ತಿಲ್ಲದೆ ಮಾತಾಡೋ ನಮ್ಮಂಥವರಿಗೆಲ್ಲ ಅವರು ಹಿರಿಯರು. ಇದನ್ನ ಓದಿದ ದಿನ ನನ್ನ ಮೈಕನ್ನ ಸ್ವಲ್ಪ ಮರ್ಯಾದೆಯಿಂದ ಒರೆಸಿಟ್ಟೆ.

ನಿಮಗೂ ಇಂಥ ಟೆಸ್ಟ್‌ನ ಅನುಭವ ಇದ್ದರೆ ಒಂದು ವಾಯ್ಸ್ ನೋಟ್ ಕಳಿಸಿ. ಕಂಪನಿ ಹೆಸರು ಬೇಡ, ಪ್ರಶ್ನೆ ಮಾತ್ರ ಹೇಳಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.